ಧಾರಣೆಯ ಮೇಲೆ ಬಾಜಿ

ಚನ್ನಗಿರಿಯಲ್ಲಿ ಇಬ್ಬರು ಪರಿಚಿತರು ಎದುರಾದರೆ ಕುಶಲಪ್ರಶ್ನೆಗೂ ಮುಂಚೆ ಬರುವ ಮಾತು ಅಡಿಕೆಯ ಧಾರಣೆ. ಹೊನ್ನಾಳಿಯಲ್ಲಿ ಆ ಸ್ಥಾನ ಭತ್ತಕ್ಕೆ. ನ್ಯಾಮತಿಯಲ್ಲಿ ಮೆಕ್ಕೆಜೋಳಕ್ಕೂ ಅಡಿಕೆಗೂ ಸಮಪಾಲು. ಜಗಳೂರಿನಲ್ಲಿ ಮೊದಲು ಮಳೆಯ ಮಾತು, ಅದರ ಬೆನ್ನಿಗೇ ಮೆಕ್ಕೆಜೋಳದ ಮಾತು. ಭದ್ರಾ ನಾಲೆಯ ನೀರುಂಡ ನೆಲ ಒಂದು ಕಡೆ, ಮುಗಿಲನ್ನೂ ಕೊಳವೆಬಾವಿಯನ್ನೂ ನಂಬಿಕೊಂಡ ನೆಲ ಇನ್ನೊಂದು ಕಡೆ. ಆದರೂ ದಾವಣಗೆರೆ ಜಿಲ್ಲೆಯ ಈ ನಾಲ್ಕು ತಾಲ್ಲೂಕುಗಳನ್ನು ಒಂದೇ ದಾರದಲ್ಲಿ ಪೋಣಿಸಿರುವ ಸಂಗತಿಯೊಂದುಂಟು: ಪೇಟೆಯ ಧಾರಣೆಯನ್ನು ಪ್ರತಿದಿನವೂ ಕೇಳಿ ತಿಳಿಯುವ ಅಭ್ಯಾಸ.

ಈ ಧಾರಣೆಯೆಂಬುದು ಬೆಳೆದವನ ಕೈಯಲ್ಲಿಲ್ಲವೆಂಬುದನ್ನು ಬೇರೆಯಾಗಿ ಹೇಳಬೇಕಾದುದಿಲ್ಲ. ೨೦೨೩ರ ಫೆಬ್ರವರಿಯಲ್ಲಿ ಕೇಂದ್ರ ಸರ್ಕಾರವು ಹೊರನಾಡಿನಿಂದ ಬರುವ ಅಡಿಕೆಯ ಕನಿಷ್ಠ ಆಮದು ಬೆಲೆಯನ್ನು ಕಿಲೋಗ್ರಾಮಿಗೆ ೨೫೧ ರೂಪಾಯಿಗಳಿಂದ ೩೫೧ ರೂಪಾಯಿಗಳಿಗೆ ಏರಿಸಿತು. ದೆಹಲಿಯಲ್ಲಿ ಹೊರಟ ಅಂಥ ಒಂದು ಕಾಗದವು ಇಲ್ಲಿಯ ತೋಟದ ಬಾಳನ್ನು ಮುಟ್ಟಬಲ್ಲುದು. ೨೦೨೫-೨೬ರ ಮುಂಗಾರಿಗೆ ಮೆಕ್ಕೆಜೋಳದ ಬೆಂಬಲ ಬೆಲೆ ಕ್ವಿಂಟಲಿಗೆ ೨,೪೦೦ ರೂಪಾಯಿಯೆಂದು ಸಾರಲಾಗಿದ್ದರೂ ಅದೇ ವರ್ಷದ ನವೆಂಬರಿನಲ್ಲಿ ಪೇಟೆಯಲ್ಲಿ ಸಿಕ್ಕಿದ ಬೆಲೆ ಅದಕ್ಕಿಂತ ಬಹಳ ಕೆಳಗಿದ್ದಿತು. ಹೀಗೆ ಏರಿಳಿತದ ನಡುವೆಯೇ ಹುಟ್ಟಿ ಬೆಳೆದ ನಮ್ಮ ಜನಕ್ಕೆ ಧಾರಣೆಯ ನಾಡಿ ತಮಗೆ ತಿಳಿಯುತ್ತದೆಂಬ ವಿಶ್ವಾಸ ಇರುವುದು ಸಹಜ. ಆ ವಿಶ್ವಾಸವನ್ನೇ ಬಂಡವಾಳ ಮಾಡಿಕೊಂಡ ಹೊಸ ವ್ಯವಹಾರವೊಂದು ಈಗ ಮೊಬೈಲಿನ ಮೂಲಕ ಮನೆಯ ಜಗುಲಿಗೇ ಬಂದು ಕುಳಿತಿದೆ. ಅದರಲ್ಲಿ ಅಡಿಕೆಯನ್ನೋ ಚಿನ್ನವನ್ನೋ ಷೇರನ್ನೋ ಕೊಳ್ಳಬೇಕಾದ್ದಿಲ್ಲ. ಬೆಲೆ ಏರುವುದೆಂದೋ ಇಳಿಯುವುದೆಂದೋ ಹೇಳಿ ಹಣ ಕಟ್ಟಿದರೆ ಸಾಕು. ಅದು ಏನು, ಎಲ್ಲಿಂದ ಬಂದಿತು, ಅದರ ಲೆಕ್ಕ ಹೇಗೆ ನಡೆಯುತ್ತದೆ ಎಂಬುದನ್ನು ವಾಚಕರ ಮುಂದಿಡುವುದು ಈ ಲೇಖನದ ಉದ್ದೇಶ.

ಅಂತರದ ಬಾಜಿ

ಇಂಗ್ಲೆಂಡಿನಲ್ಲಿ ‘ಸ್ಪ್ರೆಡ್ ಬೆಟ್ಟಿಂಗ್’ ಎಂದು ಕರೆಯುವ ಈ ವ್ಯವಹಾರವನ್ನು ಕನ್ನಡದಲ್ಲಿ ‘ಅಂತರದ ಬಾಜಿ’ ಎನ್ನಬಹುದು. ಅದು ಹುಟ್ಟಿದ ಬಗೆ ಸ್ವಾರಸ್ಯವಾಗಿದೆ. ೧೯೭೦ರ ದಶಕದಲ್ಲಿ ಬ್ರಿಟನ್ನಿನ ವಿದೇಶೀ ವಿನಿಮಯದ ಕಟ್ಟುಪಾಡುಗಳಿಂದಾಗಿ ಅಲ್ಲಿಯ ಪ್ರಜೆಗೆ ಚಿನ್ನವನ್ನು ಕೊಂಡಿಡುವುದು ತೊಡಕಿನ ಕೆಲಸವಾಗಿದ್ದಿತು. ಸ್ಟುವರ್ಟ್ ವೀಲರ್ ಎಂಬಾತನು ೧೯೭೪ರಲ್ಲಿ ಐ.ಜಿ. ಇಂಡೆಕ್ಸ್ ಎಂಬ ಸಂಸ್ಥೆಯನ್ನು ತೆರೆದು, ಚಿನ್ನವನ್ನು ಕೊಳ್ಳದೆಯೇ ಅದರ ಬೆಲೆಯ ಮೇಲೆ ಬಾಜಿ ಕಟ್ಟುವ ದಾರಿಯನ್ನು ತೋರಿಸಿದನು. ಬರಬರುತ್ತ ಷೇರು ಸೂಚ್ಯಂಕ, ನಾಣ್ಯ, ಕಚ್ಚಾತೈಲ ಎಲ್ಲವೂ ಈ ಬಾಜಿಗೆ ವಸ್ತುವಾದುವು. ಅಲ್ಲಿಯ ಕಾನೂನು ಇದನ್ನು ಜೂಜಿನ ಸಾಲಿಗೆ ಸೇರಿಸಿರುವುದರಿಂದ ಗೆದ್ದ ಹಣಕ್ಕೆ ಬಂಡವಾಳ ಲಾಭದ ತೆರಿಗೆಯಿಲ್ಲ. ಜನ ಇದಕ್ಕೆ ಮುಗಿಬೀಳಲು ಅದೂ ಒಂದು ಕಾರಣ.

ಲೆಕ್ಕವನ್ನು ನಮ್ಮ ಅಡಿಕೆಯಿಂದಲೇ ತಿಳಿಯೋಣ. ಅಡಿಕೆಯ ಮೇಲೆ ಇಂಥ ಬಾಜಿ ನಡೆಸುವ ಸಂಸ್ಥೆಯೊಂದಿದೆಯೆಂದು ಮಾತಿಗೆ ಕಲ್ಪಿಸಿಕೊಳ್ಳಿರಿ. ರಾಶಿ ಅಡಿಕೆಯ ಧಾರಣೆ ಕ್ವಿಂಟಲಿಗೆ ೫೦,೦೦೦ ರೂಪಾಯಿ ಎಂದಿಟ್ಟುಕೊಳ್ಳೋಣ. ಸಂಸ್ಥೆ ಎರಡು ಬೆಲೆ ಹೇಳುತ್ತದೆ: ೪೯,೯೦೦ ಮತ್ತು ೫೦,೧೦೦. ಏರುತ್ತದೆ ಎನ್ನುವವನು ೫೦,೧೦೦ರಲ್ಲಿ ಬಾಜಿ ಹಿಡಿಯಬೇಕು. ಇಳಿಯುತ್ತದೆ ಎನ್ನುವವನು ೪೯,೯೦೦ರಲ್ಲಿ. ನಡುವಣ ೨೦೦ ರೂಪಾಯಿಯೇ ಆ ‘ಅಂತರ’. ನೀವು ಏರುತ್ತದೆಂದು ಹೇಳಿ, ಧಾರಣೆಯ ಪ್ರತಿಯೊಂದು ರೂಪಾಯಿಯ ಚಲನೆಗೆ ೧೦ ರೂಪಾಯಿಯಂತೆ ಬಾಜಿ ಕಟ್ಟಿದಿರಿ. ಇದರ ಅರ್ಥ ಹತ್ತು ಕ್ವಿಂಟಲ್ ಅಡಿಕೆಯ, ಎಂದರೆ ೫,೦೧,೦೦೦ ರೂಪಾಯಿಯ, ಏರಿಳಿತವನ್ನು ನೀವು ಹೊತ್ತಿರಿ ಎಂದು. ಆದರೆ ಸಂಸ್ಥೆ ಅಷ್ಟೂ ಹಣವನ್ನು ಕೇಳುವುದಿಲ್ಲ. ನೂರಕ್ಕೆ ಹತ್ತರಂತೆ ೫೦,೧೦೦ ರೂಪಾಯಿ ಠೇವಣಿ ಇಟ್ಟರೆ ಸಾಕೆನ್ನುತ್ತದೆ. ಒಂದು ಕ್ವಿಂಟಲಿನ ಹಣದಲ್ಲಿ ಹತ್ತು ಕ್ವಿಂಟಲಿನ ಭಾರ!

ಧಾರಣೆ ೨,೧೦೦ ರೂಪಾಯಿ ಏರಿತೆನ್ನಿ. ಸಂಸ್ಥೆಯ ಬೆಲೆ ಈಗ ೫೨,೦೦೦ ಮತ್ತು ೫೨,೨೦೦. ನೀವು ಕೆಳಗಿನ ಬೆಲೆಯಲ್ಲಿ ಬಾಜಿಯನ್ನು ಮುಗಿಸಬೇಕು. ಬಂದ ಲಾಭ ೧,೯೦೦ರ ಹತ್ತರಷ್ಟು, ಅಂದರೆ ೧೯,೦೦೦. ಅದೇ ೨,೧೦೦ ರೂಪಾಯಿ ಇಳಿದರೆ ಬೆಲೆ ೪೭,೮೦೦ ಮತ್ತು ೪೮,೦೦೦. ನಿಮಗಾದ ನಷ್ಟ ೨೩,೦೦೦. ಏರಿಕೆಯೂ ಇಳಿಕೆಯೂ ಸಮನಾಗಿದ್ದರೂ ಗೆಲವು ಹತ್ತೊಂಬತ್ತು, ಸೋಲು ಇಪ್ಪತ್ತಮೂರು. ಧಾರಣೆ ಇದ್ದಲ್ಲೇ ಇದ್ದರೂ ಬಾಜಿ ಮುಗಿಸುವಾಗ ೨,೦೦೦ ರೂಪಾಯಿ ಕೈಬಿಡುತ್ತದೆ. ಇದು ಒಂದು ಸಲದ ಲೆಕ್ಕ. ದಿನಕ್ಕೆ ನಾಲ್ಕು ಸಲ ಆಡುವವನು ನಾಲ್ಕು ಸಲವೂ ಈ ಕಪ್ಪವನ್ನು ಒಪ್ಪಿಸಲೇಬೇಕು.

ಇನ್ನು ಧಾರಣೆ ಒಮ್ಮೆಗೇ ಕುಸಿದು ಸಂಸ್ಥೆಯ ಬೆಲೆ ೪೪,೦೦೦ಕ್ಕೆ ಬಂದರೆ? ನಷ್ಟ ೬೧,೦೦೦. ಇಟ್ಟ ಠೇವಣಿ ೫೦,೧೦೦. ಠೇವಣಿ ಪೂರ್ತಿ ಮುಳುಗಿದ ಮೇಲೂ ೧೦,೯೦೦ ರೂಪಾಯಿ ಸಾಲ ಉಳಿಯಿತು. ಪಣಕ್ಕಿಟ್ಟದ್ದಕ್ಕಿಂತ ಹೆಚ್ಚು ಸೋಲಬಹುದೆಂಬುದೇ ಈ ಬಾಜಿಗೂ ಲಾಟರಿ ಚೀಟಿಗೂ ಇರುವ ವ್ಯತ್ಯಾಸ. ಲಾಟರಿಯವನು ಚೀಟಿಯ ಹಣವನ್ನು ಮಾತ್ರ ಕಳೆದುಕೊಳ್ಳುತ್ತಾನೆ.

ಒಂದೇ ರಾತ್ರಿಯಲ್ಲಿ

ಇಂಥ ಕುಸಿತ ಕೇವಲ ಲೆಕ್ಕದ ಪುಸ್ತಕದ ಮಾತೆಂದು ಯಾರೂ ತಿಳಿಯಬಾರದು. ಸ್ವಿಟ್ಜರ್ಲೆಂಡಿನ ಕೇಂದ್ರ ಬ್ಯಾಂಕು ಒಂದು ಯೂರೋವಿಗೆ ೧.೨೦ ಫ್ರಾಂಕಿಗಿಂತ ಕೆಳಗೆ ಹೋಗಗೊಡುವುದಿಲ್ಲವೆಂದು ಮೂರು ವರ್ಷಕ್ಕೂ ಮೀರಿ ಕಾಪಾಡಿಕೊಂಡು ಬಂದಿದ್ದ ಮಿತಿಯನ್ನು ೨೦೧೫ರ ಜನವರಿ ೧೫ರಂದು ಯಾವ ಮುನ್ಸೂಚನೆಯೂ ಇಲ್ಲದೆ ಕೈಬಿಟ್ಟಿತು. ಕೆಲವೇ ನಿಮಿಷಗಳಲ್ಲಿ ಫ್ರಾಂಕಿನ ಬೆಲೆ ನೂರಕ್ಕೆ ಸುಮಾರು ಮೂವತ್ತರಷ್ಟು ಜಿಗಿಯಿತು. ಮಿತಿ ಎಂದೆಂದಿಗೂ ಇರುವುದೆಂದು ನಂಬಿ ಬಾಜಿ ಕಟ್ಟಿದ್ದವರು ಠೇವಣಿಯನ್ನು ಕಳೆದುಕೊಂಡುದಲ್ಲದೆ ಸಾಲಗಾರರೂ ಆದರು. ಅಲ್ಪಾರಿ ಎಂಬ ಸಂಸ್ಥೆಯ ಬ್ರಿಟಿಷ್ ಶಾಖೆ ದಿವಾಳಿಯೆದ್ದಿತು.

ನಮ್ಮ ದೇಶದ ಮಾತನ್ನೇ ತೆಗೆದುಕೊಳ್ಳಿ. ೨೦೨೦ರ ಏಪ್ರಿಲ್ ೨೦ರಂದು, ಕೊರೋನಾ ಹಾವಳಿಯಿಂದ ಲೋಕದ ವಾಹನಗಳೆಲ್ಲ ನಿಂತಿದ್ದಾಗ, ಅಮೆರಿಕದಲ್ಲಿ ಕಚ್ಚಾತೈಲದ ಮುಂಗಡ ಕರಾರಿನ ಬೆಲೆ ಸೊನ್ನೆಗಿಂತಲೂ ಕೆಳಗಿಳಿದು ಪೀಪಾಯಿಗೆ ಋಣ ೩೭.೬೩ ಡಾಲರಿಗೆ ನಿಂತಿತು. ಮುಂಬಯಿಯ ಮಲ್ಟಿ ಕಮಾಡಿಟಿ ಎಕ್ಸ್‌ಚೇಂಜಿನಲ್ಲಿ ಆ ದಿನದ ವಹಿವಾಟು ಲಾಕ್‌ಡೌನಿನ ನಿಮಿತ್ತ ಸಂಜೆ ಐದಕ್ಕೇ ಮುಗಿದಿತ್ತು; ಆಗಿನ ಬೆಲೆ ಪೀಪಾಯಿಗೆ ಸುಮಾರು ೯೬೫ ರೂಪಾಯಿ. ಆದರೆ ಲೆಕ್ಕ ತೀರಿಸಿದ್ದು ಅಮೆರಿಕದ ರಾತ್ರಿಯ ಬೆಲೆಯಂತೆ, ಋಣ ೨,೮೮೪ ರೂಪಾಯಿಗೆ. ಒಂದು ಕರಾರು ನೂರು ಪೀಪಾಯಿಯದು. ಸಂಜೆ ಕೊಂಡು ಮಲಗಿದವನು ಒಂದೊಂದು ಕರಾರಿಗೂ ೩,೮೪,೯೦೦ ರೂಪಾಯಿಗಳ ನಷ್ಟಕ್ಕೆ ಎದ್ದನು. ಬೆಲೆ ಸೊನ್ನೆಗಿಂತ ಕೆಳಗೆ ಹೋಗದೆಂಬುದು ಅಂದಿನವರೆಗೆ ಎಲ್ಲರ ನಂಬಿಕೆಯಾಗಿದ್ದಿತು.

ಫ್ರಾಂಕಿನಂಥ ಪೆಟ್ಟುಗಳ ಬಳಿಕ ಯೂರೋಪಿನ ನಿಯಂತ್ರಕರು ೨೦೧೮ರಲ್ಲಿ ಅಲ್ಲಿಯ ಸಾಮಾನ್ಯ ಜನರ ಬಾಜಿಗೆ ಕಡಿವಾಣ ಹಾಕಿದರು. ಠೇವಣಿಯ ಎಷ್ಟು ಪಟ್ಟು ಬಾಜಿ ಹಿಡಿಯಬಹುದೆಂಬುದಕ್ಕೆ ಮಿತಿ ಬಂದಿತು. ಠೇವಣಿಗಿಂತ ಹೆಚ್ಚಿನ ನಷ್ಟವನ್ನು ಸಂಸ್ಥೆಯು ವಸೂಲು ಮಾಡಕೂಡದೆಂದಾಯಿತು. ತನ್ನ ಗಿರಾಕಿಗಳಲ್ಲಿ ನೂರಕ್ಕೆ ಎಷ್ಟು ಮಂದಿ ಸೋಲುತ್ತಾರೆಂಬುದನ್ನು ಸಂಸ್ಥೆಯೇ ಜಾಹೀರಾತಿನಲ್ಲಿ ಹೇಳಬೇಕೆಂದಾಯಿತು. ಆ ನಿಯಂತ್ರಕರು ಕಂಡುಕೊಂಡಿದ್ದ ಸೋಲಿನ ಪ್ರಮಾಣ ನೂರಕ್ಕೆ ೭೪ರಿಂದ ೮೯. ಸೋಲುವವರೇ ಹೆಚ್ಚೆಂದು ತನ್ನ ಬಾಯಿಂದಲೇ ಹೇಳಿಕೊಂಡು ನಡೆಯುವ ಅಂಗಡಿ ಲೋಕದಲ್ಲಿ ಇನ್ನೊಂದಿರಲಾರದು.

ಹಳೆಯ ಪರಿಚಯ

ಬೆಲೆಯ ಮೇಲಿನ ಬಾಜಿ ನಮ್ಮ ಊರುಗಳಿಗೆ ಹೊಸದೇನೂ ಅಲ್ಲ. ದಾವಣಗೆರೆಯ ಸುತ್ತಮುತ್ತ ‘ಓಸಿ’ ಎಂಬ ಮಾತನ್ನು ಕೇಳದವರಿಲ್ಲ. ಚೀಟಿಯಲ್ಲಿ ಅಂಕಿ ಬರೆಸಿ, ಕೂಲಿಯ ಹಣವನ್ನು ಕಳೆದುಕೊಳ್ಳುವ ಆ ಆಟದ ಹೆಸರು ಬಂದುದು ‘ಓಪನ್’ ಮತ್ತು ‘ಕ್ಲೋಸ್’ ಎಂಬ ಎರಡು ಮಾತುಗಳಿಂದ. ನ್ಯೂಯಾರ್ಕಿನ ಹತ್ತಿಪೇಟೆಯಲ್ಲಿ ದಿನದ ಆರಂಭದ ಬೆಲೆಯೂ ಮುಕ್ತಾಯದ ಬೆಲೆಯೂ ತಂತಿಯ ಮೂಲಕ ಮುಂಬಯಿಗೆ ಬರುತ್ತಿದ್ದ ಕಾಲದಲ್ಲಿ, ಆ ಬೆಲೆಯ ಅಂಕಿಗಳ ಮೇಲೆ ಜನ ಬಾಜಿ ಕಟ್ಟುತ್ತಿದ್ದರು. ೧೯೬೦ರ ದಶಕದ ಆರಂಭದಲ್ಲಿ ಆ ಅಂಕಿಗಳು ನಿಂತುಹೋದಾಗ ಆಟ ಮಾತ್ರ ನಿಲ್ಲಲಿಲ್ಲ; ಮಡಕೆಯಿಂದ ಚೀಟಿ ಎತ್ತಿ ಅಂಕಿ ತೆಗೆಯುವ ‘ಮಟ್ಕಾ’ ಆಯಿತು. ಹತ್ತಿಯ ಗಿರಣಿಗಳಿಂದ ಹೆಸರಾದ ದಾವಣಗೆರೆಯ ಸೀಮೆಯಲ್ಲಿ ಹತ್ತಿಯ ಬೆಲೆಯ ನೆರಳು ಹೀಗೆ ಜೂಜಾಗಿ ಉಳಿದುದು ವಿಚಿತ್ರವಾದರೂ ನಿಜ. ಅದಕ್ಕೂ ಹಿಂದೆ ಕಲ್ಕತ್ತೆಯಲ್ಲಿ ಮಳೆ ಬರುವುದೋ ಇಲ್ಲವೋ ಎಂಬುದರ ಮೇಲೆ ಬಾಜಿ ನಡೆಯುತ್ತಿತ್ತು. ಅದು ಮಿತಿಮೀರಿದಾಗ ೧೮೯೭ರಲ್ಲಿ ಬಂಗಾಳದ ಸರ್ಕಾರ ಅದನ್ನು ತಡೆಯಲು ಕಾಯಿದೆಯನ್ನೇ ಮಾಡಬೇಕಾಯಿತು.

ಬಾಜಿಯ ವಿಷಯದಲ್ಲಿ ನಮ್ಮ ಕಾನೂನಿನ ನಿಲುವು ಹಳೆಯದು, ಸ್ಪಷ್ಟವಾದುದು. ೧೮೭೨ರ ಭಾರತೀಯ ಕರಾರು ಕಾಯಿದೆಯ ೩೦ನೆಯ ಕಲಮಿನಂತೆ ಬಾಜಿಯ ಒಪ್ಪಂದ ಅಸಿಂಧು. ಗೆದ್ದವನು ಗೆದ್ದ ಹಣಕ್ಕಾಗಿ ನ್ಯಾಯಾಲಯದ ಮೆಟ್ಟಿಲು ಹತ್ತಲಾರ. ಅಂಥ ಒಪ್ಪಂದ ಅಸಿಂಧುವೇ ಹೊರತು ಅಪರಾಧವಲ್ಲವೆಂಬ ಸೂಕ್ಷ್ಮವನ್ನು ಸರ್ವೋಚ್ಚ ನ್ಯಾಯಾಲಯವು ೧೯೫೯ರಲ್ಲಿ ಘೇರುಲಾಲ್ ಪಾರಖ್ ಅವರ ಮೊಕದ್ದಮೆಯಲ್ಲಿ ವಿವರಿಸಿತು. ಬ್ರಿಟನ್ನಿನಲ್ಲಾದರೋ ೧೯೯೧ರಲ್ಲಿ ಅಲ್ಲಿಯ ಮೇಲ್ಮನವಿ ನ್ಯಾಯಾಲಯವು ಅಂತರದ ಬಾಜಿಯ ಬಾಕಿಯನ್ನು ವಸೂಲು ಮಾಡಬಹುದೆಂದು ತೀರ್ಪಿತ್ತಿತು. ಒಂದೇ ಆಟ, ಒಂದು ದೇಶದಲ್ಲಿ ಗೆದ್ದವನಿಗೆ ಆಸರೆಯಿಲ್ಲ, ಇನ್ನೊಂದರಲ್ಲಿ ಸೋತವನಿಗೆ ಬಿಡುಗಡೆಯಿಲ್ಲ.

ಚೇಣಿಯೂ ಬೇಲಿಯೂ

ಹಾಗಾದರೆ ಬೆಲೆಯ ಏರಿಳಿತವನ್ನು ಹೊರುವ ವ್ಯವಹಾರವೆಲ್ಲ ಜೂಜೇ? ಹಾಗೆಂದರೆ ನಮ್ಮ ಅಡಿಕೆಯ ನಾಡಿಗೆ ಅನ್ಯಾಯವಾದೀತು. ಚನ್ನಗಿರಿಯ ಕಡೆ ತೋಟವನ್ನು ಚೇಣಿಗೆ ಕೊಡುವ ಪದ್ಧತಿಯುಂಟು. ಕೆಲವರು ಖೇಣಿ ಎನ್ನುತ್ತಾರೆ. ಗೊನೆ ಇನ್ನೂ ಮರದ ಮೇಲಿರುವಾಗಲೇ ಚೇಣಿದಾರನು ಬೆಲೆಯನ್ನು ಮಾತಾಡಿಕೊಂಡು ಮುಂಗಡ ಕೊಡುತ್ತಾನೆ. ಆಮೇಲೆ ಧಾರಣೆ ಏರಿದರೆ ಅವನಿಗೆ ಲಾಭ, ಬಿದ್ದರೆ ಅವನಿಗೆ ನಷ್ಟ. ನೋಡಿದರೆ ಇದೂ ನಾಳಿನ ಬೆಲೆಯ ಮೇಲಿನ ಪಣವೇ. ಆದರೆ ಇಲ್ಲಿ ಕೊಯ್ಲಿದೆ, ಸುಲಿಯುವವರ ಕೂಲಿಯಿದೆ, ಬೇಯಿಸುವ ಹಂಡೆಯಿದೆ, ಒಣಗಿಸುವ ಕಣವಿದೆ. ತೋಟದವನಿಗೆ ನಿಶ್ಚಿತವಾದ ಹಣವೂ ಪೇಟೆಗೆ ಹದವಾದ ಅಡಿಕೆಯೂ ಸಿಗುತ್ತವೆ. ಧಾರಣೆ ಬಿದ್ದರೂ ಚೇಣಿದಾರನ ಕೊಟ್ಟಿಗೆಯಲ್ಲಿ ಚೀಲ ಉಳಿದಿರುತ್ತದೆ. ಕಾಯಬಲ್ಲ ಶಕ್ತಿಯಿದ್ದರೆ ಅವನು ಕಾಯಬಹುದು.

ತುಮ್ಕೋಸಿನಂಥ ಸಹಕಾರ ಸಂಘದಲ್ಲಿ ಅಡಿಕೆಯನ್ನಿಟ್ಟು ಒಳ್ಳೆಯ ಧಾರಣೆಗಾಗಿ ಎದುರುನೋಡುವ ಬೆಳೆಗಾರನ ಸ್ಥಿತಿಯೂ ಇಂಥದೇ. ಅವನು ಬೆಲೆಯ ಭಾರವನ್ನು ಹೊತ್ತಿರುವುದು ನಿಜ. ಆದರೆ ಆ ಭಾರವನ್ನು ಅವನು ಹುಡುಕಿಕೊಂಡು ಹೋಗಲಿಲ್ಲ, ಬೆಳೆಯ ಜೊತೆಗೇ ಅದು ಬಂದಿತು. ಬಾಜಿಯವನು ಇಲ್ಲದ ಭಾರವನ್ನು ತಾನೇ ಸೃಷ್ಟಿಸಿಕೊಂಡು ತಲೆಯ ಮೇಲೆ ಹೊರುತ್ತಾನೆ.

ಮುಂಗಡ ಕರಾರಿನ ಪೇಟೆಗಳು ಹುಟ್ಟಿದುದೂ ಈ ಸಹಜ ಭಾರವನ್ನು ಇಳಿಸುವುದಕ್ಕಾಗಿಯೇ. ೧೮೪೮ರಲ್ಲಿ ಸ್ಥಾಪನೆಯಾದ ಷಿಕಾಗೋ ನಗರದ ಧಾನ್ಯಪೇಟೆಯಲ್ಲಿ ರೈತನೂ ವರ್ತಕನೂ ಬರುವ ತಿಂಗಳ ಜೋಳಕ್ಕೆ ಇಂದೇ ಬೆಲೆ ಗೊತ್ತುಮಾಡಿಕೊಳ್ಳತೊಡಗಿದರು. ಇದಕ್ಕೆ ಇಂಗ್ಲಿಷಿನಲ್ಲಿ ‘ಹೆಡ್ಜಿಂಗ್’ ಎನ್ನುತ್ತಾರೆ. ಆ ಮಾತಿನ ಮೂಲಾರ್ಥ ಬೇಲಿ. ಬೆಳೆಗೆ ಬೇಲಿ ಬೇಕು, ಸರಿ. ಬೇಲಿಯೇ ಎದ್ದು ಹೊಲ ಮೇಯ್ದರೆ ಏನು ಮಾಡುವುದು? ಹೊಲವೇ ಇಲ್ಲದವನು ಬೇಲಿಯನ್ನು ಕೊಳ್ಳತೊಡಗಿದಾಗ ಆಗುವುದು ಅದೇ.

ಸೆಬಿಯ ಲೆಕ್ಕ

ನಮ್ಮ ದೇಶದಲ್ಲಿ ವಿದೇಶೀ ಸಂಸ್ಥೆಗಳ ಅಂತರದ ಬಾಜಿಗೆ ಅನುಮತಿಯಿಲ್ಲ. ನಾಣ್ಯಗಳ ಮುಂಗಡ ವ್ಯವಹಾರವನ್ನು ಸಾಮಾನ್ಯ ಪ್ರಜೆ ಮಾನ್ಯತೆ ಪಡೆದ ವಿನಿಮಯ ಕೇಂದ್ರಗಳಲ್ಲಿ ಮಾತ್ರ, ನಿಯಮಗಳಿಗೆ ಒಳಪಟ್ಟು, ನಡೆಸಬಹುದು. ಹೊರದೇಶದ ಸಂಸ್ಥೆಗೆ ಬಾಜಿಯ ಠೇವಣಿಯನ್ನು ಕಳುಹಿಸಲು ರಿಜರ್ವ್ ಬ್ಯಾಂಕಿನ ನಿಯಮಗಳಲ್ಲಿ ಅವಕಾಶವಿಲ್ಲ. ೨೦೨೨ರ ಸೆಪ್ಟೆಂಬರಿನಲ್ಲಿ ಆ ಬ್ಯಾಂಕು ಅನಧಿಕೃತ ವೇದಿಕೆಗಳ ಎಚ್ಚರಿಕೆಯ ಪಟ್ಟಿಯನ್ನೇ ಹೊರಡಿಸಿತು. ದೇಶದೊಳಗೇ ವಿನಿಮಯ ಕೇಂದ್ರದ ಹೊರಗೆ ಕೇವಲ ಬೆಲೆಯ ಅಂತರವನ್ನು ನಗದಾಗಿ ತೀರಿಸಿಕೊಳ್ಳುವ ಕಳ್ಳ ವ್ಯವಹಾರಕ್ಕೆ ‘ಡಬ್ಬಾ’ ಎಂಬ ಹೆಸರುಂಟು. ಅದು ೧೯೫೬ರ ಭದ್ರತಾ ಪತ್ರಗಳ ಕರಾರು ಕಾಯಿದೆಯಂತೆ ಹತ್ತು ವರ್ಷದವರೆಗೆ ಸೆರೆವಾಸ ವಿಧಿಸಬಹುದಾದ ಅಪರಾಧ. ೨೦೨೫ರ ಆಗಸ್ಟಿನಲ್ಲಿ ಸಂಸತ್ತು ಹಣವಿಟ್ಟು ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕಾಯಿದೆಯನ್ನೂ ಅಂಗೀಕರಿಸಿತು.

ಹೀಗಿದ್ದರೂ ಕಾನೂನಿನ ಚೌಕಟ್ಟಿನೊಳಗೇ ಅಂತರದ ಬಾಜಿಯನ್ನು ಬಹುಮಟ್ಟಿಗೆ ಹೋಲುವ ಒಂದು ದಾರಿಯುಂಟು: ಷೇರುಪೇಟೆಯ ಫ್ಯೂಚರ್ಸ್ ಮತ್ತು ಆಪ್ಷನ್ಸ್. ೨೦೦೦ದ ಜೂನ್ ತಿಂಗಳಲ್ಲಿ ಸೂಚ್ಯಂಕದ ಫ್ಯೂಚರ್ಸ್ ನಮ್ಮಲ್ಲಿ ಆರಂಭವಾದುವು. ದೊಡ್ಡ ಹೂಡಿಕೆದಾರರಿಗೆ ಬೇಲಿಯಾಗಲೆಂದು ಬಂದ ಈ ಸಾಧನ ಮೊಬೈಲು ಬಂದ ಮೇಲೆ ಹಳ್ಳಿಯ ಹುಡುಗನ ಆಟಿಕೆಯಾಯಿತು. ಇದರಲ್ಲಿ ಯಾರು ಗೆದ್ದರು, ಯಾರು ಸೋತರು ಎಂಬುದನ್ನು ಷೇರುಪೇಟೆಯ ನಿಯಂತ್ರಕ ಮಂಡಳಿಯಾದ ಸೆಬಿ ಲೆಕ್ಕ ಹಾಕಿ ೨೦೨೪ರ ಸೆಪ್ಟೆಂಬರಿನಲ್ಲಿ ಪ್ರಕಟಿಸಿತು. ೨೦೨೧-೨೨ರಿಂದ ೨೦೨೩-೨೪ರವರೆಗಿನ ಮೂರು ವರ್ಷಗಳಲ್ಲಿ ಇದಕ್ಕೆ ಇಳಿದ ವ್ಯಕ್ತಿಗಳು ಒಂದು ಕೋಟಿಗೂ ಹೆಚ್ಚು. ಅವರಲ್ಲಿ ನೂರಕ್ಕೆ ೯೩ ಮಂದಿ ಸೋತರು. ತಲಾ ಸರಾಸರಿ ನಷ್ಟ ಸುಮಾರು ೨ ಲಕ್ಷ ರೂಪಾಯಿ. ಒಟ್ಟು ನಷ್ಟ ೧.೮ ಲಕ್ಷ ಕೋಟಿಗೂ ಮೇಲೆ. ಖರ್ಚು ಕಳೆದು ಒಂದು ಲಕ್ಷಕ್ಕಿಂತ ಹೆಚ್ಚು ಲಾಭ ಕಂಡವರು ನೂರಕ್ಕೆ ಒಬ್ಬರು. ೨೦೨೪-೨೫ರ ಲೆಕ್ಕವೂ ಬಂದಿದೆ: ಸೋತವರು ನೂರಕ್ಕೆ ೯೧, ನಷ್ಟ ೧,೦೫,೬೦೩ ಕೋಟಿ ರೂಪಾಯಿ.

ನಮ್ಮಂಥ ಊರುಗಳವರು ಗಮನಿಸಬೇಕಾದ ಅಂಕಿಗಳು ಬೇರೆಯೇ ಇವೆ. ಈ ವ್ಯವಹಾರ ಮಾಡಿದವರಲ್ಲಿ ನೂರಕ್ಕೆ ೭೨ಕ್ಕೂ ಹೆಚ್ಚು ಮಂದಿ ದೇಶದ ಮೊದಲ ಮೂವತ್ತು ನಗರಗಳ ಹೊರಗಿನವರು. ೨೦೨೩-೨೪ರಲ್ಲಿ ಮುಕ್ಕಾಲು ಪಾಲು ಜನ ತಮ್ಮ ವಾರ್ಷಿಕ ವರಮಾನ ೫ ಲಕ್ಷಕ್ಕಿಂತ ಕಡಿಮೆಯೆಂದು ಹೇಳಿಕೊಂಡವರು. ನೂರಕ್ಕೆ ೪೩ ಮಂದಿ ಮೂವತ್ತು ವರ್ಷದೊಳಗಿನವರು. ಇತ್ತ ಇವರ ಹಣ ಹೋಗುತ್ತಿದ್ದ ಅದೇ ವರ್ಷ, ಸ್ವಂತ ಬಂಡವಾಳದಿಂದ ವ್ಯವಹರಿಸುವ ದೊಡ್ಡ ಸಂಸ್ಥೆಗಳು ಸುಮಾರು ೩೩,೦೦೦ ಕೋಟಿಯನ್ನೂ ವಿದೇಶೀ ಹೂಡಿಕೆದಾರರು ಸುಮಾರು ೨೮,೦೦೦ ಕೋಟಿಯನ್ನೂ ಗಳಿಸಿದರು. ಆ ಗಳಿಕೆಯ ಬಹುಪಾಲು ಬಂದುದು ಕ್ಷಣಾರ್ಧದಲ್ಲಿ ಲೆಕ್ಕ ಹಾಕಿ ಕೊಂಡು ಮಾರುವ ಕಂಪ್ಯೂಟರುಗಳಿಂದ. ಜಗಳೂರಿನ ಜಗುಲಿಯ ಮೇಲೆ ಕುಳಿತು, ಆಗೊಮ್ಮೆ ಈಗೊಮ್ಮೆ ಸಿಗ್ನಲ್ ಹೋಗುವ ಮೊಬೈಲನ್ನು ಹಿಡಿದವನ ಎದುರಾಳಿ ಯಾರೆಂಬುದು ಇದರಿಂದ ತಿಳಿಯುತ್ತದೆ.

ಮಾಲು ಎಲ್ಲಿದೆ?

ನನ್ನ ತರಗತಿಯಲ್ಲಿ ಹಿಂದೆ ಓದಿದ ಹೊನ್ನಾಳಿ ಕಡೆಯ ಹುಡುಗನೊಬ್ಬ ಪದವಿ ಮುಗಿಸಿ, ಸರ್ಕಾರಿ ನೌಕರಿಯ ಪರೀಕ್ಷೆಗಳಿಗೆ ಓದುತ್ತ ಮನೆಯಲ್ಲಿದ್ದನು. ಒಂದು ದಿನ ಬಂದು ಬಹಳ ಹೊತ್ತು ಸುಮ್ಮನೆ ಕುಳಿತಿದ್ದು ಆಮೇಲೆ ಹೇಳಿದನು. ಹತ್ತು ಸಾವಿರದಿಂದ ಆರಂಭಿಸಿದನಂತೆ. ಮೊದಲ ವಾರದಲ್ಲೇ ಅದು ಹದಿನೆಂಟು ಸಾವಿರವಾಯಿತು. ಭತ್ತ ಮಾರಿದ ಹಣದಿಂದ ಅಪ್ಪ ಕೊಟ್ಟ ಫೀಜು ಹೋಯಿತು; ಅಕ್ಕನ ಗಂಡನಿಂದ ತಂದ ಕೈಗಡ ಹೋಯಿತು; ಕೊನೆಗೆ ಅವ್ವನ ಸರವನ್ನು ಒತ್ತೆಯಿಟ್ಟ ಹಣವೂ ಹೋಯಿತು.

“ಸಾರ್, ಸೋತದ್ದಕ್ಕಿಂತ ಆ ಮೊದಲನೆ ವಾರ ಗೆದ್ದೆನಲ್ಲ, ಅದೇ ನನ್ನ ಕೆಡಿಸಿತು” ಎಂದನು.

“ಮನೆಯಲ್ಲಿ ಹೇಳಿದೆಯೇನಪ್ಪಾ?” ಎಂದೆ.

“ಹೇಳಿದೆ ಸಾರ್. ಅಪ್ಪ ಬಯ್ಯಲಿಲ್ಲ. ‘ದುಡ್ಡು ಕೊಟ್ಟೆಯಲ್ಲ, ಮಾಲು ಎಲ್ಲೈತೋ?’ ಅಂತ ಒಂದೇ ಮಾತು ಕೇಳಿದ. ನನಗೆ ಉತ್ತರ ಹೇಳೋಕೆ ಬರಲಿಲ್ಲ.”

ಅಕ್ಷರಸ್ಥರಿಗೂ ಹೊಳೆಯದ ಪ್ರಶ್ನೆ ಆ ಹಿರಿಯರದು. ದುಡ್ಡು ಹೋದ ಕಡೆ ಒಂದು ಮೂಟೆಯಾದರೂ ಇರಬೇಕು, ಒಂದು ಕಾಗದವಾದರೂ ಇರಬೇಕು ಎಂಬುದು ಸಂತೆಯನ್ನು ಕಂಡವರ ಸಹಜ ನ್ಯಾಯ.

ಒತ್ತೆಯ ಮಾತು ಬಂದಿತಷ್ಟೆ. ೨೦೨೪ರ ಅಕ್ಟೋಬರಿನಲ್ಲಿ ನ್ಯಾಮತಿಯ ಸ್ಟೇಟ್ ಬ್ಯಾ೦ಕಿನ ಶಾಖೆಯಲ್ಲಿ ಕಳ್ಳತನವಾದುದನ್ನೂ ೨೦೨೫ರ ಮಾರ್ಚಿನಲ್ಲಿ ಪೊಲೀಸರು ಅದನ್ನು ಭೇದಿಸಿದುದನ್ನೂ ಎಲ್ಲರೂ ಬಲ್ಲರು. ಕಳವಾದ ಬಂಗಾರ ೧೭ ಕಿಲೋಗ್ರಾಮಿಗೂ ಮೀರಿದ್ದಿತು. ಒಂದು ಚಿಕ್ಕ ಊರಿನ ಒಂದೇ ಶಾಖೆಯ ತಿಜೋರಿಯಲ್ಲಿ ಅಷ್ಟು ಬಂಗಾರವಿದ್ದಿತೆಂದರೆ, ನಮ್ಮ ಸೀಮೆಯ ಬಿತ್ತನೆಯೂ ಮದುವೆಯೂ ಆಸ್ಪತ್ರೆಯ ಖರ್ಚೂ ಹೆಣ್ಣುಮಕ್ಕಳ ಒಡವೆಯ ಬಲದ ಮೇಲೆ ಹೇಗೆ ನಿಂತಿವೆಯೆಂಬುದು ತಿಳಿಯುತ್ತದೆ. ಕಳ್ಳರು ಒಯ್ದ ಬಂಗಾರವನ್ನು ಪೊಲೀಸರು ಹುಡುಕಬಲ್ಲರು. ಮಗನೇ ಒಯ್ದು ಒತ್ತೆಯಿಟ್ಟು ಬೆಲೆಯ ಬಾಜಿಗೆ ಸುರಿದ ಒಡವೆಗೆ ಹುಡುಕುವವರು ಯಾರು?

ಹೊಸಬರಿಗೂ ಹಳಬರಿಗೂ

ಹೊಸಬರಿಗೆ ಹೇಳಬೇಕಾದುದು ಹೆಚ್ಚಿಲ್ಲ. ‘ಖಚಿತ ಲಾಭ’ ಎಂದು ವಾಟ್ಸಾಪ್ ಅಥವಾ ಟೆಲಿಗ್ರಾಂ ಗುಂಪಿನಲ್ಲಿ ಬರುವ ಕರೆ ಮೋಸದ್ದೆಂದೇ ತಿಳಿಯಬೇಕು. ಅಲ್ಲಿಯ ಎಷ್ಟೋ ಆ್ಯಪ್‌ಗಳಲ್ಲಿ ಪೇಟೆಯೇ ಇರುವುದಿಲ್ಲ. ತೆರೆಯ ಮೇಲೆ ಕಾಣುವ ಲಾಭ ಬರಿಯ ಅಂಕಿ, ಹಣ ಹಿಂದಕ್ಕೆ ಕೇಳಿದಾಗ ಮಾತ್ರ ಸತ್ಯ ಹೊರಬೀಳುತ್ತದೆ. ಹಾಗೆ ಮೋಸಹೋದವರು ನಾಚಿಕೆಯಿಂದ ಕೂಡದೆ ತಡಮಾಡದೆ ೧೯೩೦ ಎಂಬ ಸಹಾಯವಾಣಿಗೆ ತಿಳಿಸಬೇಕು. ಬೇಗ ತಿಳಿಸಿದಷ್ಟೂ ಹಣವನ್ನು ನಡುದಾರಿಯಲ್ಲಿ ತಡೆಯುವ ಸಂಭವ ಹೆಚ್ಚು. ಯಾವ ವೇದಿಕೆಯಾದರೂ ಸೆಬಿಯ ನೋಂದಣಿ ಉಂಟೋ ಇಲ್ಲವೋ ಎಂಬುದನ್ನು ಮೊದಲು ನೋಡಬೇಕು. ನೋಂದಣಿಯಿದ್ದರೂ ಅದು ವ್ಯವಹಾರ ಕಾನೂನುಬದ್ಧವೆಂದು ಹೇಳುತ್ತದೆಯೇ ಹೊರತು ಲಾಭವಾಗುವುದೆಂದು ಹೇಳುವುದಿಲ್ಲ. ಷೇರನ್ನು ಪೂರ್ತಿ ಹಣ ಕೊಟ್ಟು ಕೊಂಡು ವರ್ಷಗಟ್ಟಲೆ ಇಟ್ಟುಕೊಳ್ಳುವವನ ಮಾತು ಬೇರೆ. ಅವನ ಬಳಿ ಒಂದು ಉದ್ದಿಮೆಯ ಪಾಲೆಂಬ ಮಾಲಿದೆ. ಅವನೊಡನೆ ಈ ಬಾಜಿಯವನನ್ನು ಒಂದೇ ಪಂಕ್ತಿಯಲ್ಲಿ ಕೂರಿಸಬಾರದು.

ಹಳಬರ ಸಂಗತಿ ಇನ್ನೂ ಕಠಿಣ. ಅನುಭವ ಬಂದಂತೆ ಸೋಲು ಕಡಿಮೆಯಾಗುವುದೆಂದು ನಾವು ಭಾವಿಸುತ್ತೇವೆ. ಕೊಂಡ ದಿನವೇ ಷೇರನ್ನು ಮಾರುವವರ ಬಗೆಗೆ ಸೆಬಿ ೨೦೨೨-೨೩ರ ಲೆಕ್ಕವನ್ನು ಪರಿಶೀಲಿಸಿದಾಗ ಹತ್ತರಲ್ಲಿ ಏಳು ಮಂದಿ ಸೋತಿದ್ದುದು ಕಂಡಿತು. ವರ್ಷಕ್ಕೆ ೫೦೦ಕ್ಕಿಂತ ಹೆಚ್ಚು ಸಲ ವ್ಯವಹರಿಸಿದವರಲ್ಲಿ ಹತ್ತರಲ್ಲಿ ಎಂಟು ಮಂದಿ. ಕೈ ಪಳಗಿದಷ್ಟೂ ಕೈ ಬರಿದಾಯಿತು! ಫ್ಯೂಚರ್ಸ್ ಮತ್ತು ಆಪ್ಷನ್ಸ್‌ನಲ್ಲಿ ಎರಡು ವರ್ಷ ಸತತವಾಗಿ ಸೋತವರಲ್ಲಿ ನೂರಕ್ಕೆ ೭೫ಕ್ಕೂ ಹೆಚ್ಚು ಮಂದಿ ಮೂರನೆಯ ವರ್ಷವೂ ಅದನ್ನು ಬಿಡಲಿಲ್ಲ. ಮಹಾಭಾರತವನ್ನು ಓದಿದವರಿಗೆ ಇದು ಅಚ್ಚರಿಯಲ್ಲ. ಮೊದಲ ದ್ಯೂತದಲ್ಲಿ ಎಲ್ಲವನ್ನೂ ಸೋತ ಧರ್ಮರಾಯನಿಗೆ ಧೃತರಾಷ್ಟ್ರನು ಎಲ್ಲವನ್ನೂ ಹಿಂದಕ್ಕೆ ಕೊಟ್ಟು ಕಳುಹಿಸಿದನು. ಊರು ಸೇರುವ ಮೊದಲೇ ಮತ್ತೆ ಕರೆ ಬಂದಾಗ ಅವನು ಹಿಂದಿರುಗಿದನು. ಆ ಅನುದ್ಯೂತವೇ ಪಾಂಡವರನ್ನು ಕಾಡಿಗೆ ಕಳುಹಿಸಿದುದು. ಮೊದಲ ಸೋಲು ಅಜ್ಞಾನದಿಂದ ಆಗಬಹುದು. ಎರಡನೆಯದು ಕಳೆದುದನ್ನು ಮರಳಿ ಪಡೆಯುವ ಆಸೆಯಿಂದ ಆಗುತ್ತದೆ. ಆದುದರಿಂದ ಹಳಬರು ಮಾಡಬೇಕಾದ ಕೆಲಸ ಒಂದೇ. ಕಳೆದ ಮೂರು ವರ್ಷಗಳಲ್ಲಿ ಹಾಕಿದ್ದೆಷ್ಟು, ತೆಗೆದದ್ದೆಷ್ಟು ಎಂಬುದನ್ನು ಬ್ಯಾಂಕಿನ ಪುಸ್ತಕದಿಂದ ನೋಡಿ ಒಂದು ಹಾಳೆಯಲ್ಲಿ ಬರೆದು, ಆ ಹಾಳೆಯನ್ನು ಮನೆಯವರ ಕೈಗೆ ಕೊಡುವುದು.

ಇಷ್ಟು ಹೇಳಿ, ಜೂಜು ಬಿಟ್ಟು ಹೊಲಕ್ಕೆ ಹೋಗಿರೆಂದು ಉಪದೇಶ ಮಾಡಿ ಮುಗಿಸುವುದು ಸುಲಭ. ಜೂಜುಗಾರನ ಅಳಲನ್ನೇ ವಸ್ತುವಾಗಿಸಿಕೊಂಡ ಋಗ್ವೇದದ ಅಕ್ಷಸೂಕ್ತವೂ ಅವನನ್ನು ಕೃಷಿಯ ಕಡೆಗೇ ತಿರುಗಿಸುತ್ತದೆ. ಆದರೆ ಬೆಂಬಲ ಬೆಲೆಗಿಂತ ಬಹಳ ಕೆಳಗೆ ಮೆಕ್ಕೆಜೋಳವನ್ನು ಮಾರಿ ಬಂದ ಜಗಳೂರಿನ ತಂದೆ ತನ್ನ ಮಗನಿಗೆ ಆ ಮಾತನ್ನು ಯಾವ ಧೈರ್ಯದಿಂದ ಹೇಳಬೇಕು? ಹೊಲದ ದುಡಿಮೆಗೆ ಬೆಲೆಯಿಲ್ಲದ ವರ್ಷಗಳಲ್ಲಿಯೇ ಮೊಬೈಲಿನ ಬಾಜಿಗೆ ಹೆಚ್ಚು ಬೆಲೆ ಬರುತ್ತದೆ. ಕಣಕ್ಕೆ ಬಂದ ಕಾಳಿಗೆ ಸಕಾಲದಲ್ಲಿ ಖರೀದಿ ಕೇಂದ್ರ ತೆರೆಯುವುದು, ಕಾಯುವ ಶಕ್ತಿಯಿಲ್ಲದ ರೈತನಿಗೆ ಉಗ್ರಾಣವೂ ಉಗ್ರಾಣದ ಚೀಟಿಯ ಮೇಲೆ ಸಾಲವೂ ಸಿಗುವುದು, ಇವು ಈ ಜೂಜಿನ ಬೇರಿಗೆ ಹಾಕುವ ಕೊಡಲಿ ಪೆಟ್ಟುಗಳು.

ಅಲ್ಲಿಯವರೆಗೆ ನಮ್ಮ ಕೈಯಲ್ಲಿರುವ ಕೆಲಸವನ್ನಾದರೂ ಮಾಡಬಹುದು. ಈ ನಾಲ್ಕು ತಾಲ್ಲೂಕುಗಳಲ್ಲಿ ಸಹಕಾರ ಸಂಘಗಳಿಗೆ ಕೊರತೆಯಿಲ್ಲ. ವರ್ಷಕ್ಕೊಮ್ಮೆ ಸರ್ವಸದಸ್ಯರ ಸಭೆ ಸೇರುತ್ತದೆ. ಆ ಸಭೆಯಲ್ಲಿ ಅರ್ಧ ಗಂಟೆ, ಕಾಲೇಜುಗಳ ತರಗತಿಯಲ್ಲಿ ಒಂದು ಗಂಟೆ ಇದಕ್ಕಾಗಿ ಮೀಸಲಿಟ್ಟು, ಮೇಲಿನ ಅಡಿಕೆಯ ಲೆಕ್ಕವನ್ನು ಕಪ್ಪು ಹಲಗೆಯ ಮೇಲೆ ಬರೆದು ತೋರಿಸಲಿ. ಹತ್ತೊಂಬತ್ತು ಮತ್ತು ಇಪ್ಪತ್ತಮೂರರ ವ್ಯತ್ಯಾಸವನ್ನು ಅರಿಯಲು ಎಂ.ಎ. ಬೇಕಾಗಿಲ್ಲ, ಸಂತೆಗೆ ಹೋಗಿ ಬಂದವರಿಗೆಲ್ಲ ಅದು ತಿಳಿಯುತ್ತದೆ.